ಬೊಗಸೆ ನೀರಿಗೆ ಹತ್ತು ವರ್ಷ



"ಕಾಲ ಕೆಟ್ಟೋಗದೆ ಕಣಪ್ಪ, ಈಗ ಏನ್ ಮಾಡುದ್ರೂ ಅಷ್ಟೇಯ." ಈ ಮಾತು ಇವತ್ತು ಕೇರಿಯ ಜಗಲಿಯಿಂದ ಹಿಡಿದು ಹಾಸ್ಟೆಲ್ಲಿನ ಊಟದ ಸಾಲಿನವರೆಗೆ ಹರಡಿದೆ. ಡಿಗ್ರಿ ಮಾಡಿದವನಿಗೆ ಕೆಲಸ ಇಲ್ಲ. ಇರುವ ಕೆಲಸವೂ ಗುತ್ತಿಗೆಯದು, ನಾಳೆ ಇರುತ್ತೋ ಇಲ್ಲವೋ. ಮೊಬೈಲು ತೆಗೆದರೆ ಯಾವುದೋ ಊರಿನಲ್ಲಿ ನಮ್ಮವನನ್ನು ಕಟ್ಟಿ ಹೊಡೆಯುವ ಚಿತ್ರ. ನೋಡಿ ನೋಡಿ ಕೈಕಾಲು ಸೋಲುತ್ತವೆ. ಇದು ಸುಳ್ಳಲ್ಲ. ಆದರೆ ಒಂದು ಕೇಳುತ್ತೇನೆ: ನಮ್ಮ ಪಾಲಿಗೆ ಕಾಲ ನೆಟ್ಟಗಿದ್ದದ್ದು ಯಾವಾಗ? ನಮ್ಮಜ್ಜನಿಗೆ ನೆಟ್ಟಗಿತ್ತಾ?

ಈ ಸೋತವನಿಗೆ ಒಬ್ಬ ಅಣ್ಣ ಇದ್ದಾನೆ. ಅವನು ಭಾಷಣಕಾರ. "ವ್ಯವಸ್ಥೆ ಪೂರ್ತಿ ಉರುಳಬೇಕು. ಅಲ್ಲೀತನಕ ಲೋಟ, ಬಾವಿ, ಅರ್ಜಿ ಅಂತ ಅಲೆಯೋದೆಲ್ಲ ಬರೀ ತೇಪೆ ಕೆಲಸ" ಅಂತಾನೆ. ನನ್ನ ವಾರಿಗೆಯ ಕೆಲವು ಕವಿಗಳೂ ಹಾಗೇ. ಪದ್ಯದಲ್ಲಿ ಊರಿಗೆ ಬೆಂಕಿ ಹಚ್ಚಿದ ಮೇಲೆ ಅದೇ ಊರ ಹೋಟೆಲಿನ ಹೊರಗೆ ನಿಂತು ಪ್ಲಾಸ್ಟಿಕ್ ಕಪ್ಪಿನಲ್ಲಿ ಟೀ ಕುಡಿಯುತ್ತಾರೆ. ಸೋತವನೂ ಕೂಗುವವನೂ ಕೊನೆಗೆ ಮಾಡುವುದು ಒಂದೇ: ಏನೂ ಇಲ್ಲ.

ಜಾತಿ ದೊಡ್ಡ ಗ್ರಂಥಗಳಲ್ಲಿ ಮಾತ್ರ ಇದ್ದಿದ್ದರೆ ಗೆದ್ದಲು ಅದನ್ನು ಯಾವತ್ತೋ ತಿಂದು ಮುಗಿಸಿರೋದು. ಅದು ಬದುಕಿರೋದು ಸಣ್ಣ ಸಣ್ಣದರಲ್ಲಿ. ಬೇರೆ ಇಟ್ಟ ಲೋಟದಲ್ಲಿ, ಎತ್ತರದಿಂದ ಸುರಿಯುವ ನೀರಿನಲ್ಲಿ, ಅಂಗೈ ತಾಕದಂತೆ ಎಸೆಯುವ ಚಿಲ್ಲರೆಯಲ್ಲಿ, ಎಪ್ಪತ್ತರ ಮುದುಕನನ್ನು "ಬಾರ್ಲಾ" ಅನ್ನುವ ಹತ್ತು ವರ್ಷದ ಹುಡುಗನ ನಾಲಗೆಯಲ್ಲಿ. ಬೆಳಗಾದರೆ ಇದನ್ನು ಮಾಡಲು ಅವರಿಗೆ ಬೇಸರವಿಲ್ಲ. ಬೆಳಗಾದರೆ ಇದನ್ನು ಮುರಿಯಲು ನಮಗೇಕೆ ಬೇಸರ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನಲ್ಲಿ ಮಾಡಿದ್ದೇನು? ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಕೆರೆ ಎಲ್ಲರಿಗೂ ಸೇರಿದ್ದು ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ತೆರೆದಿದ್ದ ಕೆರೆ ಕಾಲಿಗೆ ತೆರೆದಿರಲಿಲ್ಲ. ಕುಡಿದ ದಿನವೇ ನಮ್ಮ ಜನಕ್ಕೆ ದೊಣ್ಣೆಯ ಪೆಟ್ಟು ಬಿತ್ತು. ಆಮೇಲೆ ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಸಾಲದು ಅಂತ ದಾವೆ ಹೂಡಿದರು. ಅವರ ವಾದ ನಿಲ್ಲುವುದಿಲ್ಲ ಅಂತ ಬಾಂಬೆ ಹೈಕೋರ್ಟು ಹೇಳಿದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ.

2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನೀರು ಕುಡಿದಳು ಅಂತ ನೀರೆಲ್ಲ ಹೊರಗೆ ಬಿಟ್ಟು, ಗಂಜಲ ಹಾಕಿ ತೊಳೆದರು. ಸೋತವನು ಚಪ್ಪಾಳೆ ತಟ್ಟುತ್ತಾನೆ: "ನೋಡ್ದಾ, ತೊಂಬತ್ತೈದು ವರ್ಷ ಆದ್ರೂ ಅದೇ ಗಂಜಲ!" ನಿಲ್ಲಪ್ಪ. 1927ರಲ್ಲಿ ದಾವೆ ಬಿದ್ದದ್ದು ಕುಡಿದವರ ಮೇಲೆ. 2022ರಲ್ಲಿ ಕೇಸು ಬಿದ್ದದ್ದು ತೊಳೆದವರ ಮೇಲೆ. ಅಧಿಕಾರಿಗಳೇ ಬಂದು ನಮ್ಮವರ ಕೈಯಲ್ಲಿ ಊರ ತೊಂಬೆಯ ನೀರು ಕುಡಿಸಬೇಕಾಯಿತು. ಈ ವ್ಯತ್ಯಾಸ ಆಕಾಶದಿಂದ ಉದುರಲಿಲ್ಲ. ಯಾರೋ ಬೊಗಸೆ ಒಡ್ಡಿದ್ದರು.

ಇನ್ನೊಂದು ಲೆಕ್ಕ ನೋಡಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಹಿಂದೆ ಸರಿದಿದ್ದರು. ಅವರನ್ನು ಬಯ್ಯುವವನ ಬಾಯಿಗೆ ಹುಳ ಬೀಳಲಿ. ಅದೇ ಊರಿನಲ್ಲಿ, ಅದೇ ಜನರ ಕಣ್ಣೆದುರು ಬಾಳಬೇಕಾದ ಬಡವ ಹೆದರದೆ ಇನ್ನೇನು ಮಾಡ್ತಾನೆ? ಅವನಿಗೆ ಬೇಕಾಗಿದ್ದು ಪ್ರತಿ ಹಾಜರಿಗೂ ಪಕ್ಕದಲ್ಲಿ ಕೂರುವ ನಾಲ್ಕು ಜನ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮವರು ಕ್ಷೌರದಂಗಡಿಗೆ, ಹೋಟೆಲಿಗೆ ಯಾಕೆ ಬಿಡೋಲ್ಲ ಅಂತ ಕೇಳಿದ್ದರು. 2014ರ ಆಗಸ್ಟಿನಲ್ಲಿ ಅವರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲೂ ಹತ್ತು ವರ್ಷ! ಮೇಲಿನ ಕೋರ್ಟಿನ ಮಾತು ಬೇರೆ. ಆದರೆ ಆ ತೀರ್ಪಿನ ಹಿಂದೆ ಕೂಲಿ ಬಿಟ್ಟು ಬಂದು ಕಟಕಟೆಯಲ್ಲಿ ನಿಂತು "ಹೌದು ಸ್ವಾಮಿ, ನಾನೇ ಕಂಡೆ" ಅಂದವರಿದ್ದಾರೆ. ಆ ನಾಲ್ಕು ಮಾತು ಯಾವ ಭಾಷಣಕ್ಕೆ ಕಡಿಮೆ?

ಇಲ್ಲೊಂದು ಎಚ್ಚರ. "ನಿನ್ನ ಪಾಡಿಗೆ ನಿನ್ನ ಸಣ್ಣ ಕೆಲಸ ಮಾಡ್ಕೊಂಡಿರು" ಅಂತ ಒಡೆಯನೂ ಹೇಳ್ತಾನೆ. ಅದು ಕರ್ಮದ ಪಾಠ. ಅವನ ಕೊಟ್ಟಿಗೆ ಗುಡಿಸೋದೂ ದಿನನಿತ್ಯದ ಸಣ್ಣ ಕೆಲಸವೇ. ನಾನು ಹೇಳುತ್ತಿರುವುದು ಅದಲ್ಲ. ನೀನು ಮಾಡುವ ಸಣ್ಣ ಕೆಲಸದಿಂದ ಅವನ ನಿದ್ದೆ ಕೆಡುತ್ತಾ? ಕೆಟ್ಟರೆ ಅದು ನಮ್ಮ ಕೆಲಸ. ಅವನು ಬೆನ್ನು ತಟ್ಟಿದರೆ ಇನ್ನೊಂದು ಸಲ ಯೋಚನೆ ಮಾಡು. ಭೂಮಿ ಬೇಕು, ಕೂಲಿ ಬೇಕು, ಅಧಿಕಾರ ಬೇಕು. ಅವನ್ನು ಬಿಟ್ಟುಕೊಡೋ ಮಾತೇ ಇಲ್ಲ. ಆದರೆ ಹೋಟೆಲಿನ ಒಳಗೆ ಹೋಗಿ ಕೂರಲು ನಡುಗುವ ಕಾಲು ವಿಧಾನಸೌಧದ ಮೆಟ್ಟಿಲು ಹತ್ತಿದರೂ ನಡುಗುತ್ತದೆ.

ಆದ್ದರಿಂದ ಗೆಳೆಯರೇ, ಕೆಲಸ ಇದೆ. ಬೇರೆ ಲೋಟ ಕೊಟ್ಟರೆ ಒಬ್ಬನೇ ಜಗಳಕ್ಕೆ ಹೋಗಬೇಡಿ, ಹತ್ತು ಜನ ಹೋಗಿ ಒಳಗೆ ಕೂತುಕೊಳ್ಳಿ. ಗ್ರಾಮಸಭೆಯಲ್ಲಿ ಹಿಂದೆ ನಿಲ್ಲದೆ ಮುಂದೆ ಕುಳಿತು, ಆಡಿದ ಮಾತು ನಡಾವಳಿಯಲ್ಲಿ ಬರೆದಿದ್ದಾರಾ ಅಂತ ಓದಿಸಿ ಕೇಳಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ. ಎಫ್‌ಐಆರ್ ನಕಲು ದೂರುದಾರನಿಗೆ ಪುಕ್ಕಟೆ ಸಿಗಬೇಕು, ಕೇಳಿ ತೆಗೆದುಕೊಳ್ಳಿ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಸಾಕ್ಷಿಗೆ ಪ್ರಯಾಣದ ಖರ್ಚೂ ದಿನಭತ್ಯೆಯೂ ಇದೆ. ಸಾಕ್ಷಿಯ ರಕ್ಷಣೆ ಸರ್ಕಾರದ ಹೊಣೆ ಅಂತ 2015ರ ತಿದ್ದುಪಡಿಯಲ್ಲಿದೆ. ಇದನ್ನು ಓದು ಬಾರದ ಅವ್ವಂದಿರಿಗೆ ಓದಿ ಹೇಳೋದೂ ಹೋರಾಟವೇ. ಬಿ.ಎ. ಮಾಡಿ ಮನೇಲಿ ಕೂತವರಿಗೆ ಇದಕ್ಕಿಂತ ದೊಡ್ಡ ನೌಕರಿ ಯಾವುದಿದೆ?

ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ನಮ್ಮವರ ಯಾವ ಕೇಸಿದೆ, ಮುಂದಿನ ಹಾಜರಿ ಯಾವತ್ತು ಅಂತ ಇವತ್ತೇ ವಿಚಾರಿಸಿ. ಆ ದಿನ ಬುತ್ತಿ ಕಟ್ಟಿಕೊಂಡು ಸಾಕ್ಷಿಯ ಪಕ್ಕದಲ್ಲಿ ಕೂತು ಬನ್ನಿ. ಕಾಲ ಕೆಟ್ಟಿದೆಯೋ ಇಲ್ಲವೋ ಆಮೇಲೆ ಮಾತಾಡೋಣ.

ಜೈ ಭೀಮ್.