ಕಬ್ಬಿನ ಗದ್ದೆಯ ಚಿರತೆ, ಪಟ್ಟಣದ ಕರುಣೆ

ಕಳೆದ ವಾರ ಕೊನೆಯ ಪಾಠ ನಡೆಯುತ್ತಿರುವಾಗ ಹುಡುಗನೊಬ್ಬ ಎದ್ದು ನಿಂತು, "ಸಾರ್, ಐದರ ಬಸ್ಸಿಗೆ ಬಿಡಿ. ತಪ್ಪಿದರೆ ನಮ್ಮಪ್ಪ ಬ್ಯಾಟರಿ ಹಿಡ್ಕೊಂಡು ಗೇಟ್‌ಗಂಟ ಬರಬೇಕಾಯ್ತದೆ" ಎಂದ. ತಿ. ನರಸೀಪುರದ ಕಡೆಯವನು. ಬಿಟ್ಟೆ. ಆಮೇಲೆ ಅಧ್ಯಾಪಕರ ಕೊಠಡಿಯಲ್ಲಿ ಈ ಸಂಗತಿ ಹೇಳಿದರೆ ಮಿತ್ರರೊಬ್ಬರು ಕಾಫಿ ಲೋಟವನ್ನು ಕೆಳಗಿಡದೆಯೇ, "ಕಾಡು ಕಡಿದವರು ಯಾರಪ್ಪ? ಪಾಪ, ಅದು ತಾನೇ ಎಲ್ಲಿಗೆ ಹೋದೀತು?" ಎಂದುಬಿಟ್ಟರು. ಆ 'ಪಾಪ'ದ ಮೇಲೆಯೇ ನನ್ನ ತಕರಾರು.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ಒಂದು ತಾಲ್ಲೂಕಿನಲ್ಲಿ ಚಿರತೆಗೆ ಸಿಕ್ಕಿ ನಾಲ್ವರು ಸತ್ತರು. ಕಾಲೇಜು ವಯಸ್ಸಿನವರೂ ಇದ್ದರು, ಒಬ್ಬ ಬಾಲಕನೂ ಇದ್ದ. ಇವರು ಯಾವ ಕಾಡನ್ನು ಕಡಿದಿದ್ದರು? ತಲಕಾಡು ಇರುವುದು ಇದೇ ತಾಲ್ಲೂಕಿನಲ್ಲಿ. ಗಂಗರು ಆಳುತ್ತಿದ್ದ ಕಾಲದಿಂದ ಅಲ್ಲಿ ನೇಗಿಲು ನಡೆಯುತ್ತಿದೆ. ಬೇರೆ ಕಡೆ, ಕಲ್ಲುಗಣಿಯವರು ಗುಡ್ಡಗಳನ್ನು ಸಿಡಿಸಿದ ಕಡೆ, ಮಿತ್ರರ ಮಾತು ನಿಜವಿದ್ದೀತು. ಎಲ್ಲ ಊರಿಗೂ ಅದನ್ನೇ ಹಚ್ಚುವುದು ಸೋಮಾರಿತನ.

ನಡೆದಿರುವುದು ಬೇರೆ. ನಾಲೆಯ ನೀರು ಬಂತು, ಕಬ್ಬು ಬಂತು. ಆಳೆತ್ತರದ ಕಬ್ಬು ತಿಂಗಳುಗಟ್ಟಲೆ ಅಲುಗದೆ ನಿಲ್ಲುತ್ತದೆ. ಚಿರತೆಗೆ ಅದು ಮನೆ, ಮರೆ, ಬಾಣಂತಿಕೋಣೆ ಎಲ್ಲವೂ. ಕಟಾವಿಗೆ ಹೋದವರಿಗೆ ಮರಿಗಳು ಸಿಕ್ಕ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಮರಿಗಳ ಪಾಲಿಗೆ ಕಬ್ಬೇ ಹುಟ್ಟೂರು; ಕಾಡು ಪರಸ್ಥಳ. ಹೊಟ್ಟೆಗೆ ಜಿಂಕೆಯೇ ಆಗಬೇಕೆಂದೂ ಇಲ್ಲ. ಮಹಾರಾಷ್ಟ್ರದ ಅಕೋಲೆಯ ಹೊಲಗಳಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದ ದೊಡ್ಡ ಪಾಲು ನಾಯಿಯದಾಗಿತ್ತು. ಕೋಳಿ ಅಂಗಡಿಯ ಕಸವನ್ನು ಊರಾಚೆ ಸುರಿದು ನಾಯಿಗಳನ್ನು ಬೆಳೆಸುವವರು ನಾವು. ಅವನ್ನು ಹುಡುಕಿ ಬಂದದ್ದು ಮಾತ್ರ 'ದಾರಿ ತಪ್ಪಿದ ಚಿರತೆ'! 2022ರ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಆದರೆ ಆ ಎಣಿಕೆ ಮುಖ್ಯವಾಗಿ ಕಾಡುಗಳದು. ಗದ್ದೆಬಯಲಿನಲ್ಲಿ ಹುಟ್ಟಿ ಬೆಳೆದವು ಬಹುಮಟ್ಟಿಗೆ ಲೆಕ್ಕದಾಚೆ.

ನಮ್ಮ ಹಳ್ಳಿಯವರ ತಪ್ಪನ್ನೂ ಹೇಳಬೇಕು. ಹಳ್ಳಿಯಲ್ಲಿ ಹುಟ್ಟಿದವನಾದ್ದರಿಂದ ಹೇಳುವ ಹಕ್ಕು ನನಗಿದೆ. ಚಿರತೆ ಕಂಡಿತೆಂದರೆ ಬೋನು ತನ್ನಿ, ಹಿಡಿದು ದೂರ ಸಾಗಿಸಿ ಎಂದು ರಸ್ತೆಯಲ್ಲಿ ಕೂರುತ್ತಾರೆ. ಅಧಿಕಾರಿಗಳೂ ಗಲಾಟೆ ಅಡಗಲೆಂದು ಹಾಗೆಯೇ ಮಾಡುತ್ತಾರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಜುನ್ನರ್ ಸೀಮೆಯಲ್ಲಿ ಹೀಗೆ ಚಿರತೆಗಳನ್ನು ಹಿಡಿದು ಹಿಡಿದು ಬೇರೆಡೆ ಬಿಟ್ಟರು. ಮನುಷ್ಯರ ಮೇಲಿನ ದಾಳಿ ಇಳಿಯುವುದಿರಲಿ, ಹೆಚ್ಚಿತು. ಸಾಗಿಸಿದ ಚಿರತೆ ತನ್ನ ಸೀಮೆ ಹುಡುಕಿಕೊಂಡು ಹಿಂದಿರುಗಲು ನೋಡುತ್ತದೆ. ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ. 2011ರಲ್ಲಿ ಕೇಂದ್ರ ಸರ್ಕಾರವೇ ಈ ಪದ್ಧತಿಯನ್ನು ಹಿಡಿತದಲ್ಲಿಡಬೇಕೆಂದು ಮಾರ್ಗಸೂಚಿ ಹೊರಡಿಸಿತು. ಮೈಸೂರಿನಲ್ಲಿ 2023ರಲ್ಲಿ ಚಿರತೆ ಕಾರ್ಯಪಡೆಯೊಂದೂ ಹುಟ್ಟಿತು. ಊರಿನವರ ಬಾಯಲ್ಲಿ ಇಂದಿಗೂ ಬೋನಿನ ಜಪವೇ.

ಹಾಗಾದರೆ ಸಹಬಾಳ್ವೆ ಎನ್ನುತ್ತೀರಾ? ಒಳ್ಳೆಯ ಶಬ್ದ, ಹೊಸದಾಗಿ ಟಂಕಿಸಿದ ನಾಣ್ಯದಂತೆ ಥಳಥಳಿಸುತ್ತದೆ. ಅದನ್ನು ಚಲಾವಣೆಗೆ ತಂದವರ ಬಾಳ್ವೆಯನ್ನೂ ಕೊಂಚ ನೋಡೋಣ. 2023ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಕೂಡ್ಲು ಕಡೆ ಚಿರತೆಯೊಂದು ಕಾಣಿಸಿಕೊಂಡಿತು. ನವೆಂಬರ್ 1ರಂದು, ಹಿಡಿಯುವ ಯತ್ನದಲ್ಲೇ, ಗುಂಡು ತಗುಲಿ ಸತ್ತಿತು. ಒಂದು ವಾರದ ಸಹಬಾಳ್ವೆಯೂ ಆಗಲಿಲ್ಲ. 2024ರ ಡಿಸೆಂಬರ್ 31ರಂದು ಮೈಸೂರಿನ ದೊಡ್ಡ ಕಂಪ್ಯೂಟರ್ ಸಂಸ್ಥೆಯೊಂದರ ಆವರಣಕ್ಕೆ ಚಿರತೆ ಬಂದಾಗ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು. ಸರಿಯಾದುದನ್ನೇ ಹೇಳಿದರು. ಆದರೆ ಕಬ್ಬು ಕಡಿಯುವ ಹೆಂಗಸು ಮನೆಯಿಂದಲೇ ಕೆಲಸ ಮಾಡುವ ಬಗೆ ಯಾವುದು?

ನನ್ನ ಸಿಟ್ಟೆಲ್ಲ ನಿಲ್ಲುವುದು ಕರೆಂಟಿನ ಹತ್ತಿರ. ಚಿರತೆಗೂ ಕರೆಂಟಿಗೂ ಏನು ನಂಟು ಎಂದು ಹುಬ್ಬೇರಿಸಬೇಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ಪಾಳಿಯ ಮೇಲೆ; ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಹಗಲಿನ ಕರೆಂಟಿಗೆ ಕಾರ್ಖಾನೆ, ಕಛೇರಿ, ನಮ್ಮ ತಂಪುಯಂತ್ರ ಎಲ್ಲಕ್ಕೂ ಪಾಲು ಬೇಕಲ್ಲ. ರೈತ ನಡುರಾತ್ರಿ ಎದ್ದು, ಆಳೆತ್ತರದ ಬೆಳೆಯ ನಡುವಿನ ಬದುವಿನ ಮೇಲೆ, ಕಾಲಡಿ ಹಾವು, ಪಕ್ಕದಲ್ಲಿ ಚಿರತೆ, ಎರಡನ್ನೂ ದೇವರ ಮೇಲೆ ಹಾಕಿ ನೀರು ಕಟ್ಟಲು ಹೋಗುತ್ತಾನೆ. ಚಿರತೆ ಇರುಳು ಸಂಚಾರಿ. ಮನುಷ್ಯನನ್ನು ಇರುಳು ಸಂಚಾರಿ ಮಾಡಿದವರು ಯಾರು?

ಚಿರತೆ ಓಡಾಡುವ ಗ್ರಾಮಗಳಲ್ಲಾದರೂ ಹಗಲು ಕರೆಂಟು ಕೊಡಿ. ಊರ ಕಾಲೇಜು ಮಕ್ಕಳಿಗೆ ಹೊತ್ತಿರುವಾಗ ಬಸ್ಸು ಬಿಡಿ. ಕೊಟ್ಟಿಗೆಗೆ ಗಟ್ಟಿ ಬಾಗಿಲಿಡಿಸಲು ಹಣ ಕೊಡಿ. ಇವಕ್ಕೆಲ್ಲ ಎಷ್ಟು ಖರ್ಚಾಗುತ್ತದೋ ಅಷ್ಟನ್ನು ಪಟ್ಟಣದ ಕರುಣೆಯ ಖಾತೆಯಿಂದಲೇ ವಸೂಲು ಮಾಡಬಹುದು. ಹಗಲು ಒಂದು ಗಂಟೆ ತಂಪುಯಂತ್ರ ನಿಲ್ಲಿಸುತ್ತೀರಾ ಎಂದು ಆ ಮಿತ್ರರನ್ನು ಕೇಳಿದೆ. "ಅದು ಬೇರೆ ವಿಷಯ" ಎಂದು ಅವರು ಲೋಟ ತೊಳೆಯಲು ಎದ್ದರು.

ಅದೇ ಸೀಮೆಯಲ್ಲಿ ನನ್ನ ತಮ್ಮ ಎರಡೆಕರೆ ಕಬ್ಬು ಮಾಡಿದ್ದಾನೆ. ನಿನ್ನೆ ಫೋನಿನಲ್ಲಿ, ಈ ವಾರ ಕರೆಂಟು ಎಷ್ಟು ಹೊತ್ತಿಗೋ ಎಂದು ಕೇಳಿದೆ.

"ರಾತ್ರಿ ಹನ್ನೊಂದಕ್ಕೆ, ಅಣ್ಣ" ಎಂದ.