ಘನತೆಯ ಮರಣದ ಆದೇಶ: ಆಸ್ಪತ್ರೆಗಳ ಮೇಲೆ ಬಂದ ಹೊಸ ಹೊಣೆ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು 2025ರ ಜನವರಿ ತಿಂಗಳ ಕೊನೆಯಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಗುಣವಾಗುವ ಭರವಸೆಯೇ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ನೀಡಿದ್ದ ನಿರ್ದೇಶನಗಳನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರುವುದು ಅದರ ಉದ್ದೇಶ. ಮರುದಿನದ ಪತ್ರಿಕೆಗಳಲ್ಲಿ ‘ದಯಾಮರಣಕ್ಕೆ ಅಸ್ತು’ ಎಂಬ ಧಾಟಿಯ ಶೀರ್ಷಿಕೆಗಳು ಕಾಣಿಸಿಕೊಂಡವು. ಇದು ದಯಾಮರಣವಲ್ಲವೆಂದು ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ಸ್ಪಷ್ಟಪಡಿಸಿದರೂ ಭಕ್ತರಲ್ಲಿ ಆ ಗೊಂದಲ ಇನ್ನೂ ಉಳಿದಿದೆ. ‘ಇದು ಆತ್ಮಹತ್ಯೆಯಾಗುವುದಿಲ್ಲವೇ? ಶರಣ ಧರ್ಮ ಇದನ್ನು ಒಪ್ಪುತ್ತದೆಯೇ?’ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಆದ್ದರಿಂದ ಈ ಆದೇಶ ಹೇಳುವುದೇನು, ಹೇಳದಿರುವುದೇನು ಎಂಬುದನ್ನು ಮೊದಲು ಬಿಡಿಸಿ ನೋಡುವುದು ಯುಕ್ತವೆಂದು ಭಾವಿಸುತ್ತೇವೆ.

ಚುಚ್ಚುಮದ್ದು ನೀಡಿ ರೋಗಿಯ ಪ್ರಾಣ ತೆಗೆಯುವುದು ಭಾರತದಲ್ಲಿ ಇಂದಿಗೂ ಅಪರಾಧವೇ. ಈ ಆದೇಶ ಅದಕ್ಕೆ ಎಡೆಕೊಟ್ಟಿಲ್ಲ. ಇಲ್ಲಿ ಪ್ರಸ್ತಾಪವಾಗಿರುವುದು ಬೇರೆ ಸಂಗತಿ. ರೋಗವು ದೇಹವನ್ನು ಮರಣದ ಹೊಸ್ತಿಲಿಗೆ ತಂದು ನಿಲ್ಲಿಸಿರುತ್ತದೆ. ಕೃತಕ ಉಸಿರಾಟದ ಯಂತ್ರವೋ ಔಷಧಗಳ ಬಲವೋ ಆ ಮರಣವನ್ನು ಮುಂದೂಡುತ್ತಿರುತ್ತದೆಯೇ ಹೊರತು ರೋಗಿಯನ್ನು ಬದುಕಿಗೆ ಮರಳಿಸುವುದಿಲ್ಲ. ಅಂಥ ಸ್ಥಿತಿಯಲ್ಲಿ ಯಂತ್ರವನ್ನು ಹಿಂತೆಗೆದು, ನೋವು ಶಮನದ ಆರೈಕೆಯನ್ನು ಮಾತ್ರ ಮುಂದುವರಿಸಬಹುದೇ ಎಂಬುದು ಪ್ರಶ್ನೆ. ಇದನ್ನು ಮಿದುಳು ನಿಷ್ಕ್ರಿಯತೆಯೊಡನೆ ಬೆರೆಸುವವರೂ ಉಂಟು. ಅಂಗಾಂಗ ದಾನಕ್ಕಾಗಿ 1994ರ ಕಾಯ್ದೆಯಂತೆ ಮಿದುಳುಕಾಂಡದ ಸಾವು ದೃಢಪಟ್ಟರೆ ಆ ವ್ಯಕ್ತಿ ಕಾನೂನಿನ ದೃಷ್ಟಿಯಲ್ಲಿ ತೀರಿಕೊಂಡಂತೆಯೇ. ಇಲ್ಲಿಯ ರೋಗಿಯಾದರೋ ಇನ್ನೂ ಜೀವಂತ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ ದಶಕಗಳೇ ಕಳೆದಿವೆ. 1973ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅಮಾನುಷ ಹಲ್ಲೆಗೆ ತುತ್ತಾಗಿ ಪ್ರಜ್ಞಾಶೂನ್ಯ ಸ್ಥಿತಿಗೆ ಜಾರಿದ ಶುಶ್ರೂಷಕಿ ಅರುಣಾ ಶಾನಭಾಗ್ ಕನ್ನಡ ನಾಡಿನ ಹಳದೀಪುರದವರು. ಅವರ ಪ್ರಕರಣದಲ್ಲಿ 2011ರಲ್ಲಿ ಬಂದ ತೀರ್ಪು ಚಿಕಿತ್ಸೆ ಹಿಂತೆಗೆಯುವುದಕ್ಕೆ ಕಠಿಣ ನಿಬಂಧನೆಗಳೊಡನೆ ಮೊದಲ ಬಾರಿಗೆ ಅವಕಾಶ ನೀಡಿತು. ಅರುಣಾ ಅವರಿಗೆ ಮಾತ್ರ ಅದು ಅನ್ವಯವಾಗಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯರು ಅವರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 2015ರವರೆಗೆ, ನಲವತ್ತೆರಡು ವರ್ಷ ಅವರ ಸೇವೆ ಮಾಡಿದರು. ಕಾಯಕವೆಂದರೆ ಏನೆಂಬುದಕ್ಕೆ ಆ ದಾದಿಯರಿಗಿಂತ ದೊಡ್ಡ ನಿದರ್ಶನ ನಮಗೆ ತೋರದು.

ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠವು 2018ರ ಮಾರ್ಚ್ 9ರಂದು ತೀರ್ಪಿತ್ತಿತು. ಸಂವಿಧಾನದ 21ನೆಯ ವಿಧಿ ನೀಡುವ ಘನತೆಯ ಬದುಕಿನ ಹಕ್ಕಿನಲ್ಲಿ ಘನತೆಯಿಂದ ಮರಣಿಸುವ ಹಕ್ಕೂ ಅಡಕವಾಗಿದೆ ಎಂಬುದು ಅದರ ಸಾರ. ವಯಸ್ಕನೊಬ್ಬನು ತನ್ನ ಬುದ್ಧಿ ಸ್ವಸ್ಥವಾಗಿರುವಾಗಲೇ, ಮುಂದೆ ತಾನು ಮಾತಾಡಲಾರದ ಸ್ಥಿತಿ ಬಂದರೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದೆಂದು ನ್ಯಾಯಾಲಯ ಹೇಳಿತು. ಆದರೆ ತೀರ್ಪಿನೊಡನೆ ಹೊರಬಂದ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಹಕ್ಕು ಕಾಗದದ ಮೇಲೆಯೇ ಉಳಿಯಿತು. ಪತ್ರಕ್ಕೆ ನ್ಯಾಯಿಕ ದಂಡಾಧಿಕಾರಿಯ ಸಹಿ ಬೇಕಿತ್ತು. ಎರಡನೆಯ ವೈದ್ಯಕೀಯ ಮಂಡಳಿಯನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು. ಮಂಡಳಿಯ ತಜ್ಞರಿಗೆ ಇಪ್ಪತ್ತು ವರ್ಷಗಳ ಅನುಭವವಿರಬೇಕಿತ್ತು. ಇಷ್ಟೆಲ್ಲ ಮುಗಿದ ಮೇಲೆ ದಂಡಾಧಿಕಾರಿ ಸ್ವತಃ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಕೊನೆಯುಸಿರಿನ ಹೊತ್ತಿನಲ್ಲಿರುವ ಕುಟುಂಬ ಇಷ್ಟು ಬಾಗಿಲುಗಳನ್ನು ತಟ್ಟುವುದೆಂತು? ತೀವ್ರ ನಿಗಾ ವೈದ್ಯರ ಸಂಘವೇ ಮುಂದೆ ಬಂದು ಮಾರ್ಪಾಡು ಕೋರಿತು.

2023ರ ಜನವರಿ 24ರ ಆದೇಶ ಈ ತೊಡಕುಗಳನ್ನು ಬಹುಮಟ್ಟಿಗೆ ಬಿಡಿಸಿತು. ಈಗ ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ನಿರ್ಧಾರ ತಿಳಿಸಬೇಕಾದ ಆಪ್ತರ ಹೆಸರುಗಳನ್ನು, ಒಂದಕ್ಕಿಂತ ಹೆಚ್ಚಾಗಿಯೂ, ಅದರಲ್ಲಿ ಬರೆಯಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಆಸ್ಪತ್ರೆಯ ಪ್ರಾಥಮಿಕ ಮಂಡಳಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಇರಬೇಕು. ಅವರ ಅಭಿಪ್ರಾಯವನ್ನು ಮರುಪರಿಶೀಲಿಸುವ ದ್ವಿತೀಯ ಮಂಡಳಿಯಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರೂ ಮೊದಲ ಮಂಡಳಿಯಲ್ಲಿಲ್ಲದ ಬೇರೆ ಇಬ್ಬರು ತಜ್ಞರೂ ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ ನಲವತ್ತೆಂಟು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಚಿಕಿತ್ಸೆ ಹಿಂತೆಗೆಯುವ ಮುನ್ನ ಆಸ್ಪತ್ರೆಯು ದಂಡಾಧಿಕಾರಿಗೆ ಮಾಹಿತಿ ನೀಡಬೇಕು. ಅವರ ಅನುಮತಿಗಾಗಿ ಕಾಯಬೇಕಿಲ್ಲ. ಪತ್ರ ಬರೆದಿಡದ ರೋಗಿಯ ವಿಷಯದಲ್ಲಿ ಕುಟುಂಬದವರ ಸಮ್ಮತಿಯೊಡನೆ ಇದೇ ಎರಡು ಮಂಡಳಿಗಳ ದಾರಿ. ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು.

ಇಷ್ಟಾದರೂ ರಾಜ್ಯಗಳು ಮುಂದಡಿ ಇಡದೆ ಇದು ನಡೆಯುವಂತಿರಲಿಲ್ಲ. ಜಿಲ್ಲಾ ವೈದ್ಯಾಧಿಕಾರಿ ಯಾರನ್ನು ಸೂಚಿಸಬೇಕು ಎಂಬ ಸಣ್ಣ ಪ್ರಶ್ನೆಯಲ್ಲೇ ಎಲ್ಲವೂ ಸಿಕ್ಕಿಕೊಂಡಿತ್ತು. ಕೇಂದ್ರ ಸರ್ಕಾರ 2024ರಲ್ಲಿ ಕರಡು ಮಾರ್ಗಸೂಚಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕರ್ನಾಟಕದ ಸುತ್ತೋಲೆಯ ಮಹತ್ವ ಇರುವುದು ಇಲ್ಲಿಯೇ. ಅಂಗಾಂಗ ಕಸಿ ಕಾಯ್ದೆಯಡಿ ಮಿದುಳಿನ ಸಾವನ್ನು ದೃಢೀಕರಿಸಲು ಈಗಾಗಲೇ ಅನುಮೋದನೆ ಪಡೆದಿರುವ ನರರೋಗ ತಜ್ಞ, ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞ ಮೊದಲಾದ ವೈದ್ಯರನ್ನೇ ದ್ವಿತೀಯ ಮಂಡಳಿಗೆ ಸೂಚಿತರಾಗಿ ಪರಿಗಣಿಸಬಹುದೆಂದು ಅದು ಹೇಳಿತು. ಹೊಸ ಪಟ್ಟಿ, ಹೊಸ ಸಂದರ್ಶನಗಳ ಗೊಡವೆ ತಪ್ಪಿತು. ಆಡಳಿತದ ಜಾಣ್ಮೆ ಕೆಲವೊಮ್ಮೆ ಇಂಥ ಪುಟ್ಟ ಸಾಲುಗಳಲ್ಲಿರುತ್ತದೆ.

ಆದರೆ ಲೆಕ್ಕ ಹಾಕಿ ನೋಡೋಣ. ಒಂದು ತೀರ್ಮಾನಕ್ಕೆ ಆರು ಮಂದಿ ವೈದ್ಯರು ಬೇಕು. ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಇದು ಕಷ್ಟವಲ್ಲ. ತಾಲ್ಲೂಕು ಕೇಂದ್ರದಲ್ಲಿ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವ ವೈದ್ಯದಂಪತಿಗಳು ಏನು ಮಾಡಬೇಕು? ಅನುಮೋದಿತ ತಜ್ಞರು ಇರುವುದು ಅಂಗಾಂಗ ಕಸಿಯ ವ್ಯವಸ್ಥೆ ಇರುವ ಊರುಗಳಲ್ಲೇ ಹೆಚ್ಚು. ನಿಯಮ ಪಾಲಿಸಲಾಗದ ಕಡೆ ಹಳೆಯ ರೂಢಿಯೇ ಮುಂದುವರಿಯುತ್ತದೆ. ಆ ರೂಢಿ ಎಲ್ಲರಿಗೂ ಗೊತ್ತಿರುವುದೇ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಮಗನೋ ಅಳಿಯನೋ ಸಹಿ ಹಾಕುತ್ತಾನೆ. ಆಂಬುಲೆನ್ಸಿನಲ್ಲಿ ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುತ್ತಾ ಊರು ಮುಟ್ಟಿಸುತ್ತಾರೆ. ಪಡಸಾಲೆಯಲ್ಲಿ ಆ ಚೀಲ ನಿಲ್ಲುತ್ತದೆ. ನೋವಿಗೆ ಮದ್ದಿಲ್ಲ, ಜೊತೆಗೆ ವೈದ್ಯರಿಲ್ಲ. ತಾನೇ ತಂದೆಯನ್ನು ಕೊಂದೆನೇನೋ ಎಂಬ ಕೊರಗು ಆ ಮಗನ ಎದೆಯಲ್ಲಿ ಆಯುಷ್ಯವಿಡೀ ಉಳಿಯುತ್ತದೆ. ಸಲಹೆ ವೈದ್ಯರದೇ ಆಗಿರುತ್ತದೆ. ಸಹಿ ಮಾತ್ರ ಮಗನದು. ಈ ಅಸತ್ಯವನ್ನು ಕೊನೆಗಾಣಿಸುವುದೇ ಹೊಸ ಆದೇಶದ ದೊಡ್ಡ ಉಪಕಾರವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಮಠಗಳ ಆಶ್ರಯದಲ್ಲಿ ನಡೆಯುವ ವೈದ್ಯಕೀಯ ಕಾಲೇಜುಗಳು, ಆಸ್ಪತ್ರೆಗಳು ನಾಡಿನಲ್ಲಿ ಹಲವಿವೆ. ಧರ್ಮಾರ್ಥ ಸಂಸ್ಥೆಯೆಂಬ ಕಾರಣಕ್ಕೆ ಅವು ನಿಯಮಗಳಿಂದ ಹೊರತಲ್ಲ, ಹೊರತಾಗಬಯಸುವುದೂ ಸಲ್ಲದು. ತಮ್ಮಲ್ಲಿ ಎರಡೂ ಮಂಡಳಿಗಳನ್ನು ರಚಿಸಿ ಸುಮ್ಮನಾಗದೆ, ಸುತ್ತಲಿನ ಸಣ್ಣ ಆಸ್ಪತ್ರೆಗಳು ಕರೆದಾಗ ತಮ್ಮ ತಜ್ಞರನ್ನು ಕಳುಹಿಸಿಕೊಡುವ ಏರ್ಪಾಡನ್ನು ಜಿಲ್ಲಾ ಆರೋಗ್ಯಾಧಿಕಾರಿಗಳೊಡನೆ ಮಾತಾಡಿ ಮಾಡಿಕೊಳ್ಳಬಹುದು. ದಾಸೋಹವೆಂದರೆ ಅನ್ನದ ಪಂಕ್ತಿ ಮಾತ್ರವಲ್ಲ, ವಿದ್ಯೆಯೂ ದಾಸೋಹಕ್ಕೆ ಸಲ್ಲುತ್ತದೆ.

ನಮ್ಮ ನಿಜವಾದ ಅಳುಕು ಬೇರೆಡೆ ಇದೆ. ತೀವ್ರ ನಿಗಾ ಘಟಕದ ದಿನದ ಖರ್ಚು ಬಡ ಕುಟುಂಬದ ಹೊಲವನ್ನು ನುಂಗಬಲ್ಲದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಿದ್ದರೂ ದೀರ್ಘಕಾಲ ಯಂತ್ರದ ಮೇಲಿರುವ ರೋಗಿಗೆ ಅದು ಎಲ್ಲಿಯವರೆಗೆ ಸಾಲುತ್ತದೆ? ಹಣ ಮುಗಿದುದರಿಂದ ‘ಸಾಕು’ ಎನ್ನುವುದಕ್ಕೂ, ಭರವಸೆ ಮುಗಿದುದರಿಂದ ‘ಸಾಕು’ ಎನ್ನುವುದಕ್ಕೂ ಅಜಗಜಾಂತರ. ಮಂಡಳಿಯ ವೈದ್ಯರು ರೋಗದ ಗತಿಯನ್ನು ಅಳೆಯಬಲ್ಲರು. ಬಿಲ್ಲಿನ ಒತ್ತಡವನ್ನು ಅಳೆಯುವ ಕಲಂ ಆದೇಶದಲ್ಲಿಲ್ಲ. ಚಿಕಿತ್ಸೆ ಹಿಂತೆಗೆದ ಬಳಿಕದ ಆರೈಕೆಯೂ ಅಷ್ಟೇ ಮುಖ್ಯ. ನೆರೆಯ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ರೂಪಿಸಿ ಅದನ್ನು ಪಂಚಾಯಿತಿಗಳವರೆಗೆ ಒಯ್ದಿತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ದೊಡ್ಡ ಕೆಲಸ ಮಾಡಿವೆ; ಹಳ್ಳಿಯ ಮನೆಬಾಗಿಲಿಗೆ ಮಾರ್ಫಿನ್ ಮಾತ್ರೆ ತಲುಪುವುದು ಮಾತ್ರ ಇನ್ನೂ ದೂರದ ಮಾತು. ಯಂತ್ರ ತೆಗೆಯುವ ವಿಧಾನವನ್ನು ಕಲಿತ ಆಸ್ಪತ್ರೆ ನೋವು ತೆಗೆಯುವ ವಿಧಾನವನ್ನು ಕಲಿಯದಿದ್ದರೆ ‘ಘನತೆ’ ಎಂಬ ಪದಕ್ಕೆ ಅರ್ಥವುಳಿಯದು.

ಇನ್ನು ಧರ್ಮದ ಪ್ರಶ್ನೆ. ಶರಣರು ಕಾಯವನ್ನು ಹಳಿಯಲಿಲ್ಲ, ಪ್ರಸಾದಕಾಯವೆಂದು ಗೌರವಿಸಿದರು. ಹಾಗೆಂದು ಅದಕ್ಕೆ ಅಂಟಿಕೊಳ್ಳಲೂ ಇಲ್ಲ. ಷಟ್‌ಸ್ಥಲದ ಕೊನೆಯ ಮೆಟ್ಟಿಲು ಐಕ್ಯ. ಬೇಸರದಿಂದಲೋ ಭಯದಿಂದಲೋ ಬದುಕನ್ನು ಕಡಿದುಕೊಳ್ಳುವುದನ್ನು ನಮ್ಮ ಪರಂಪರೆ ಒಪ್ಪದು. ಬಂದ ಮರಣವನ್ನು ಯಂತ್ರದಿಂದ ತಡೆದು ನಿಲ್ಲಿಸಲೇಬೇಕೆಂಬ ವಿಧಿಯೂ ಅದರಲ್ಲಿಲ್ಲ. ಮರಣದ ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆಯವರು ನಾವು. ಹೀಗಿದ್ದೂ ಮನೆಯ ಹಿರಿಯರು ತಮ್ಮ ಕೊನೆಯ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ.

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಅಭಿವಂದನ ಪತ್ರವನ್ನು ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅವರ ಇಚ್ಛೆ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ, ಸಮಾಧಿಯ ರೂಢಿಗೆ ಒಗ್ಗಿದ್ದ ಲಕ್ಷಾಂತರ ಭಕ್ತರು ಆ ಬರಹಕ್ಕೆ ತಲೆಬಾಗಿದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರನ್ನು 2019ರ ಜನವರಿಯಲ್ಲಿ ಆಸ್ಪತ್ರೆಯಿಂದ ಹಳೆಯ ಮಠಕ್ಕೆ ಕರೆತಂದು ಅಲ್ಲಿಯೇ ಆರೈಕೆ ಮಾಡಿದುದನ್ನೂ ನಾಡು ಕಂಡಿದೆ. ಇವೆರಡೂ ಕಾನೂನು ಹೇಳುವ ಮುಂಗಡ ಪತ್ರಗಳಲ್ಲ. ಆದರೆ ಹಿರಿಯರ ಇಚ್ಛೆ ಮೊದಲೇ ತಿಳಿದಿದ್ದರೆ ಉಳಿದವರ ಹೊರೆ ಎಷ್ಟು ಹಗುರಾಗುತ್ತದೆ ಎಂಬುದನ್ನು ಇವು ತೋರಿಸುತ್ತವೆ. ತಂದೆಯ ಇಚ್ಛೆ ತಿಳಿಯದ ಮನೆಯಲ್ಲಿ ‘ಅಮೆರಿಕದಿಂದ ಅಣ್ಣ ಬರಲಿ, ಅಲ್ಲಿಯವರೆಗೆ ಹೇಗಾದರೂ ಉಳಿಸಿ’ ಎಂಬ ಮಾತೇ ತೀರ್ಪಾಗಿಬಿಡುತ್ತದೆ.

ಪತ್ರ ಬರೆಯುವವರು ಒಂದು ಮಾತನ್ನು ಸೇರಿಸಬಹುದು. ತೀವ್ರ ನಿಗಾ ಘಟಕಕ್ಕೆ ಸೇರಿಸುವಾಗ ಒಡವೆಗಳೊಡನೆ ಇಷ್ಟಲಿಂಗವನ್ನೂ ಬಿಚ್ಚಿ ಪೊಟ್ಟಣ ಕಟ್ಟಿ ಸಂಬಂಧಿಕರ ಕೈಗೆ ಕೊಡುವುದುಂಟು. ಜೀವಿತವಿಡೀ ಅಂಗದ ಮೇಲಿದ್ದ ಲಿಂಗ ಕೊನೆಯ ಗಳಿಗೆಯಲ್ಲಿ ಇಲ್ಲವಾಗುತ್ತದೆ. ಇದು ಮಂಡಳಿಯ ಮುಂದೆ ಬರುವ ವಿಷಯವಲ್ಲ. ಆದರೂ ಸೋಂಕಿನ ಎಚ್ಚರ ವಹಿಸಿ ಅದನ್ನು ಕೈಯಲ್ಲಿರಿಸಲು, ಇಬ್ಬರಾದರೂ ಬಂಧುಗಳು ಬಳಿ ಕೂರಲು ಆಸ್ಪತ್ರೆ ಅನುವು ಮಾಡಿಕೊಡಬಹುದು. ಮಠದ ಆಸ್ಪತ್ರೆಗಳಾದರೂ ಇದನ್ನು ತಮ್ಮ ನಿಯಮವನ್ನಾಗಿ ಬರೆದುಕೊಳ್ಳಬೇಕೆಂದು ನಾವು ಕೋರುತ್ತೇವೆ.

ಕೊನೆಯದಾಗಿ ಪತ್ರವನ್ನು ಕಾಯುವವರ ವಿಚಾರ. ಒಂದು ಪ್ರತಿಯನ್ನು ಪತ್ರದಲ್ಲಿ ಹೆಸರಿಸಿದ ಆಪ್ತರಿಗೆ, ಕುಟುಂಬ ವೈದ್ಯರಿದ್ದರೆ ಅವರಿಗೆ ಕೊಡಬೇಕು. ಇನ್ನೊಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ವಶದಲ್ಲಿರಬೇಕೆಂದು ನ್ಯಾಯಾಲಯ ಹೇಳಿದೆ. ಊರಿನ ಗ್ರಾಮ ಪಂಚಾಯಿತಿಯಲ್ಲಿಯೋ ಪಟ್ಟಣದ ಪುರಸಭೆಯಲ್ಲಿಯೋ ಇಂಥ ಪತ್ರವನ್ನು ಸ್ವೀಕರಿಸುವವರು ಯಾರೆಂದು ಭಕ್ತರು ಈಗಲೇ ಹೋಗಿ ವಿಚಾರಿಸಲಿ. ಹಾಗೆ ಕೇಳುವವರು ಹೆಚ್ಚಾದಷ್ಟೂ ಆ ಕಚೇರಿಗಳು ಅದಕ್ಕೊಂದು ಕಡತ ತೆರೆಯಬೇಕಾಗುತ್ತದೆ.