ಆಳುವವರನ್ನಲ್ಲ, ಆಳುವವರಿಗಾಗಿ

2018ರ ಮೇ ತಿಂಗಳಲ್ಲಿ ದೆಹಲಿಯ ಮಹಾಧರ್ಮಾಧ್ಯಕ್ಷ ಅನಿಲ್ ಕೂಟೊ ಅವರು ತಮ್ಮ ವ್ಯಾಪ್ತಿಯ ಚರ್ಚುಗಳಿಗೆ ಒಂದು ಪತ್ರ ಬರೆದರು. ದೇಶದ ರಾಜಕೀಯ ವಾತಾವರಣ ಪ್ರಕ್ಷುಬ್ಧವಾಗಿದೆ, ಸಂವಿಧಾನದ ಪ್ರಜಾಸತ್ತಾತ್ಮಕ ತತ್ತ್ವಗಳಿಗೆ ಅಪಾಯ ಒದಗಿದೆ. ಆದ್ದರಿಂದ ಮರುವರ್ಷದ ಲೋಕಸಭಾ ಚುನಾವಣೆಯನ್ನು ಮನಸ್ಸಿನಲ್ಲಿಟ್ಟು ದೇಶಕ್ಕಾಗಿ ಪ್ರಾರ್ಥಿಸಿರಿ, ಶುಕ್ರವಾರಗಳಂದು ಉಪವಾಸ ಕೈಗೊಳ್ಳಿರಿ ಎಂಬುದು ಅದರ ತಿರುಳು. ಪತ್ರದಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ. ಆದರೂ ಆಳುವ ಪಕ್ಷದ ನಾಯಕರು ಅದನ್ನು ಟೀಕಿಸಿದರು. ಇದು ರಾಜಕೀಯವಲ್ಲ, ಪ್ರಾರ್ಥನೆ ಎಂದು ಚರ್ಚಿನವರು ಉತ್ತರಿಸಿದರು. ಈ ಪ್ರಾರ್ಥನೆ ಯಾರ ವಿರುದ್ಧ ಎಂಬ ಪ್ರಶ್ನೆಯೇ ವಾದವಿವಾದದ ತುಂಬ ಕೇಳಿಬಂದಿತು. ಪ್ರಾರ್ಥನೆಯೆಂಬುದು ಎಂತಹ ಉಕ್ತಿಪ್ರಕಾರ ಎಂದು ಕೇಳಿದವರು ವಿರಳ. ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ಕೇಳಬೇಕಾದದ್ದು ಇದನ್ನೇ.

ನಮ್ಮ ವ್ಯಾಕರಣ ಇಲ್ಲಿ ನೆರವಿಗೆ ಬರುತ್ತದೆ. ಅರಸನನ್ನು ಪ್ರಾರ್ಥಿಸುವುದು ಒಂದು, ಅರಸನಿಗಾಗಿ ಪ್ರಾರ್ಥಿಸುವುದು ಇನ್ನೊಂದು. ಮೊದಲನೆಯದರಲ್ಲಿ ಅರಸ ಕೊಡುವವನು. ಎರಡನೆಯದರಲ್ಲಿ ಅವನೂ ಪಡೆಯಬೇಕಾದವನು. ವಿಭಕ್ತಿಯೊಂದು ಬದಲಾದೊಡನೆ ಸಿಂಹಾಸನದ ಎತ್ತರವೇ ಬದಲಾಗುತ್ತದೆ. ಆಳುವವರಿಗಾಗಿ ಸಲ್ಲುವ ಕ್ರೈಸ್ತ ಪ್ರಾರ್ಥನೆಯ ಇತಿಹಾಸವೆಲ್ಲ ಈ ವಿಭಕ್ತಿಭೇದವನ್ನು ಕಾಪಾಡಿಕೊಂಡ ಮತ್ತು ಕಳೆದುಕೊಂಡ ಕಥೆ ಎಂದು ನನ್ನ ಎಣಿಕೆ.

ಈ ಪರಂಪರೆಯ ಬೇರು ಯೆಹೂದ್ಯರಲ್ಲಿದೆ. ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದು, ತಮ್ಮನ್ನು ಸೆರೆಯೊಯ್ದ ಆ ನಗರದ ಒಳಿತಿಗಾಗಿಯೇ ಪ್ರಾರ್ಥಿಸುವಂತೆ ಹೇಳುತ್ತಾನೆ. ಪೌಲನ ಹೆಸರಿನಲ್ಲಿರುವ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವು ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಬೇಕೆನ್ನುತ್ತದೆ. ಆಗ ಅಧಿಕಾರದಲ್ಲಿದ್ದವರು ಕ್ರೈಸ್ತರಲ್ಲ, ರೋಮನ್ನರು. ಎರಡನೆಯ ಶತಮಾನದ ಕೊನೆಯಲ್ಲಿ ಕಾರ್ಥೇಜಿನ ತೆರ್ತುಲ್ಲಿಯನ್, ಕ್ರೈಸ್ತರು ರಾಜದ್ರೋಹಿಗಳೆಂಬ ಆಪಾದನೆಗೆ ಕೊಟ್ಟ ಸಮಾಧಾನವೂ ಇದೇ ದಾರಿಯದು: ಚಕ್ರವರ್ತಿಯನ್ನು ನಾವು ದೇವರೆಂದು ಪೂಜಿಸುವುದಿಲ್ಲ, ಆದರೆ ಅವನ ಆಯುಸ್ಸಿಗಾಗಿ, ಸಾಮ್ರಾಜ್ಯದ ನೆಮ್ಮದಿಗಾಗಿ ದೇವರನ್ನು ಬೇಡುತ್ತೇವೆ. ನಿಷ್ಠೆ ಮತ್ತು ನಿರಾಕರಣೆ ಎರಡೂ ಒಂದೇ ಮಾತಿನಲ್ಲಿ ಅಡಕವಾಗಿವೆ. ಚಕ್ರವರ್ತಿಗೆ ಪ್ರಾರ್ಥನೆಯ ಅಗತ್ಯವಿದೆ ಎನ್ನುವುದೇ ಅವನು ದೇವರಲ್ಲ ಎಂದು ಸಾರಿದಂತೆ.

ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ ಈ ಅಂತರ ಉಳಿಯುವುದು ಕಷ್ಟವಾಯಿತು. ಅರಸನಿಗಾಗಿ ಮಾಡುವ ಬೇಡಿಕೆ ಮೆಲ್ಲಮೆಲ್ಲನೆ ಅರಸನ ಹೊಗಳಿಕೆಯತ್ತ ಜಾರಿತು. ಇಂಗ್ಲೆಂಡಿನ ಚರ್ಚಿನ 1662ರ ಸಾಮಾನ್ಯ ಪ್ರಾರ್ಥನಾ ಗ್ರಂಥದಲ್ಲಿ ದೊರೆಯ ಹೆಸರು ಬಿರುದುಗಳ ಸಮೇತ ಅಚ್ಚಾಗಿದೆ. ಇದರ ತೊಡಕು ಬಯಲಾದದ್ದು 1776ರಲ್ಲಿ. ಆ ವರ್ಷದ ಜುಲೈ 4ರಂದು, ಅಮೆರಿಕದ ವಸಾಹತುಗಳು ಸ್ವಾತಂತ್ರ್ಯಘೋಷಣೆಯನ್ನು ಅಂಗೀಕರಿಸಿದ ದಿನವೇ, ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚಿನ ಆಡಳಿತ ಮಂಡಳಿ ಸಭೆ ಸೇರಿ ದೊರೆಗಾಗಿ ಇದ್ದ ಪ್ರಾರ್ಥನೆಗಳನ್ನು ಕೈಬಿಡಲು ನಿರ್ಧರಿಸಿತು. ಗ್ರಂಥದಲ್ಲಿದ್ದ ಮೂರನೆಯ ಜಾರ್ಜನ ಹೆಸರಿನ ಮೇಲೆ ಗೀಟು ಬಿದ್ದಿತು. ದೊರೆಗೆ ನಿಷ್ಠರಾಗಿರುವೆವೆಂದು ದೀಕ್ಷೆಯ ಹೊತ್ತಿನಲ್ಲಿ ಪ್ರಮಾಣ ಮಾಡಿದ್ದ ಪಾದ್ರಿಗಳಿಗೆ ಇದು ಆತ್ಮಸಾಕ್ಷಿಯ ಸಂಕಟ. ಓದಿದರೆ ದೇಶದ್ರೋಹ, ಓದದಿದ್ದರೆ ಪ್ರಮಾಣಭಂಗ.

ಆ ಸಂಕಟದಿಂದ ಅಮೆರಿಕದ ಎಪಿಸ್ಕೋಪಲ್ ಚರ್ಚು ಕಂಡುಕೊಂಡ ದಾರಿ ಗಮನಾರ್ಹ. ಅದರ 1789ರ ಪ್ರಾರ್ಥನಾ ಗ್ರಂಥದಲ್ಲಿ ದೊರೆಯ ಜಾಗದಲ್ಲಿ ಅಧ್ಯಕ್ಷರಿದ್ದಾರೆ. ಆದರೆ ಅವರಿಗೆ ಹೆಸರಿಲ್ಲ, ಪದವಿ ಮಾತ್ರ ಇದೆ. ಚುನಾವಣೆಯಲ್ಲಿ ಯಾರೇ ಗೆದ್ದು ಬರಲಿ, ಒಂದಕ್ಷರವನ್ನೂ ತಿದ್ದದೆ ಅದೇ ಪ್ರಾರ್ಥನೆಯನ್ನು ಓದಬಹುದು. ಜನತಂತ್ರವು ಪ್ರಾರ್ಥನೆಗೆ ಕಲಿಸಿದ ಪಾಠವಿದು. ಆಳುವವರು ಬದಲಾಗುತ್ತಾರೆಂದು ಮೊದಲೇ ಒಪ್ಪಿಕೊಂಡ ಭಾಷೆ, ಯಾವ ಆಳುವವರಿಗೂ ಸೆರೆಯಾಗುವುದಿಲ್ಲ.

ಹೆಸರು ಮತ್ತು ಪದವಿಗಳ ಈ ವ್ಯತ್ಯಾಸ ಜೈನ ಸಾಹಿತ್ಯದ ಓದುಗರಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಚಾಳುಕ್ಯರ ಆಶ್ರಯದಲ್ಲಿ ಇಬ್ಬರು ಜೈನ ಲೇಖಕರಿದ್ದರು. ಪಂಪನು ತನ್ನ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡು ಹಾಡಿದನು. ತುಸು ಅನಂತರದ ಸೋಮದೇವಸೂರಿಗಳು ನೀತಿವಾಕ್ಯಾಮೃತವನ್ನು ತೊಡಗುವಾಗ ನಮಸ್ಕರಿಸಿದ್ದು ಯಾವ ಅರಸನಿಗೂ ಅಲ್ಲ, ಪುರುಷಾರ್ಥಗಳಿಗೆ ಆಧಾರವಾದ ರಾಜ್ಯಕ್ಕೆ. ಒಂದು ಪ್ರಶಸ್ತಿಯ ಮಾರ್ಗ, ಇನ್ನೊಂದು ನೀತಿಯ ಮಾರ್ಗ. ಕಾವ್ಯವಾಗಿ ಪಂಪನದು ಅಪ್ರತಿಮ ಸಾಧನೆ. ಆದರೆ ಸಾರ್ವಜನಿಕ ಪ್ರಾರ್ಥನೆಗೆ ಮಾದರಿಯಾಗಬಲ್ಲುದು ಸೋಮದೇವರದು. ಬಸದಿಗಳಲ್ಲಿ ಪೂಜೆಯ ಕೊನೆಗೆ ಹೇಳುವ ಶಾಂತಿಪಾಠವೂ ಈ ಎರಡನೆಯ ಮಾರ್ಗದ್ದೇ. ಪ್ರಜೆಗಳ ಕ್ಷೇಮ, ಸಕಾಲದ ಮಳೆ, ರೋಗ ಕ್ಷಾಮಗಳ ನಿವಾರಣೆ ಇವುಗಳ ಜೊತೆಯಲ್ಲಿ ಧರ್ಮನಿಷ್ಠನಾದ ಭೂಪಾಲನನ್ನೂ ಅಲ್ಲಿ ಕೋರುತ್ತೇವೆ. ಆ ಭೂಪಾಲನಿಗೂ ಹೆಸರಿಲ್ಲ.

ತಾತ್ತ್ವಿಕ ಭೇದವನ್ನು ಮರೆಮಾಚಬೇಕಿಲ್ಲ. ಕ್ರೈಸ್ತರ ದೇವರು ಮೊರೆಯನ್ನು ಕೇಳುತ್ತಾನೆ, ಇತಿಹಾಸದಲ್ಲಿ ಕೈಯಾಡಿಸುತ್ತಾನೆ. ನಮ್ಮ ಜಿನನು ವೀತರಾಗ. ಸ್ತುತಿಗೆ ಒಲಿಯುವವನಲ್ಲ, ನಿಂದೆಗೆ ಮುನಿಯುವವನಲ್ಲ. ಜೈನರಿಗೆ ಕೋರಿಕೆಯು ಕೋರುವವನ ಪರಿಣಾಮಶುದ್ಧಿಗೆ ಸಾಧನ. ಆದರೂ ಧರ್ಮನಿಷ್ಠ ಅರಸನನ್ನು ದಿನವೂ ಕೋರುವವನಿಗೆ ಅಧರ್ಮದ ಆಳ್ವಿಕೆ ಕಣ್ಣಿಗೆ ಬೀಳದೆ ಇರಲಾರದು. ಆ ಮಟ್ಟಿಗೆ ಎರಡೂ ಪ್ರಾರ್ಥನೆಗಳು ಒಂದೇ ಕೆಲಸ ಮಾಡುತ್ತವೆ: ಆಳ್ವಿಕೆಯನ್ನು ಅಳೆಯುವ ಕೋಲನ್ನು ಜನರ ಕೈಯಲ್ಲಿಡುತ್ತವೆ.

ಈ ಹಿನ್ನೆಲೆಯಲ್ಲಿ ದೆಹಲಿಯ ಪತ್ರಕ್ಕೆ ಮರಳೋಣ. ಸಂವಿಧಾನ ಉಳಿಯಲಿ ಎಂಬ ಕೋರಿಕೆ ಯಾವ ಪಕ್ಷಕ್ಕೂ ಅಪಮಾನವಲ್ಲ. ಅದರಲ್ಲಿ ತನ್ನ ದೂಷಣೆಯನ್ನು ಕೇಳಿಸಿಕೊಂಡವರು ತಮ್ಮ ಕಿವಿಯನ್ನೇ ವಿಚಾರಿಸಿಕೊಳ್ಳಬೇಕು. ಆದರೆ ಅದಕ್ಕೂ ಆರು ತಿಂಗಳು ಹಿಂದೆ, ಗುಜರಾತಿನ ವಿಧಾನಸಭಾ ಚುನಾವಣೆಗೆ ಮುನ್ನ, ಗಾಂಧಿನಗರದ ಮಹಾಧರ್ಮಾಧ್ಯಕ್ಷರ ಪತ್ರ ಬೇರೆ ದಾರಿ ಹಿಡಿದಿತ್ತು. ರಾಷ್ಟ್ರೀಯವಾದಿ ಶಕ್ತಿಗಳಿಂದ ದೇಶವನ್ನು ಪಾರುಮಾಡುವ ಮಾತು ಅದರಲ್ಲಿತ್ತು. ಚುನಾವಣಾಧಿಕಾರಿಗಳು ವಿವರಣೆ ಕೇಳಿ ನೋಟಿಸ್ ಕೊಟ್ಟರು. ಬರೆದವರ ಆತಂಕ ನಿಜವಿದ್ದೀತು. ಆದರೆ ಎದುರಾಳಿಯನ್ನು ಗುರುತಿಸಿ ತೋರಿಸಿದ ಕ್ಷಣದಲ್ಲಿ ಪ್ರಾರ್ಥನೆಯ ಮುಖ ದೇವರಿಂದ ಮತದಾರನ ಕಡೆಗೆ ತಿರುಗುತ್ತದೆ.

ಕಾನೂನು ಕೂಡ ಇಂತಹ ಗೆರೆಯನ್ನೇ ಹುಡುಕಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಪ್ರಕರಣವು ದೈವಕೋಪದ ಭಯ ಹುಟ್ಟಿಸಿ ಮತದಾರನನ್ನು ಒಲಿಸುವುದನ್ನು ಅನುಚಿತ ಪ್ರಭಾವವೆನ್ನುತ್ತದೆ. ಅದೇ ಪ್ರಕರಣವನ್ನು ಅರ್ಥೈಸಿದ ಸರ್ವೋಚ್ಚ ನ್ಯಾಯಾಲಯ, 2017ರ ಜನವರಿಯಲ್ಲಿ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದೊಡ್ಡಿ ಮತ ಕೇಳುವುದೂ ಸಲ್ಲದೆಂದು 4:3ರ ಬಹುಮತದಿಂದ ತೀರ್ಪಿತ್ತಿತು. ಈ ಗೆರೆ ಎಲ್ಲ ಧರ್ಮಪೀಠಗಳಿಗೂ ಸಮನಾಗಿ ಅನ್ವಯವಾಗಬೇಕು. ಅಭ್ಯರ್ಥಿಯ ಹೆಸರು ಹಿಡಿದು ಗೆಲುವನ್ನು ಹರಸುವ ಪೂಜೆ ಹೋಮಗಳು ಭಕ್ತಿಯೆನಿಸಿ, ಹೆಸರಿಲ್ಲದೆ ದೇಶದ ಕ್ಷೇಮವನ್ನು ಬೇಡುವ ಪತ್ರ ಪಿತೂರಿಯೆನಿಸಿದರೆ, ನಾವು ಅಳೆಯುತ್ತಿರುವುದು ಪ್ರಾರ್ಥನೆಯನ್ನಲ್ಲ, ಪ್ರಾರ್ಥಿಸುವವರ ಸಂಖ್ಯೆಯನ್ನು.

ಚುನಾವಣೆಯ ಹೊತ್ತಿನ ಯಾವುದೇ ಪ್ರಾರ್ಥನೆಗೆ ಒಂದು ಸರಳ ಪರೀಕ್ಷೆಯಿದೆ. ಫಲಿತಾಂಶದ ಮರುದಿನ, ತಾನು ಬಯಸದವರು ಗೆದ್ದಿರುವಾಗಲೂ, ಅದೇ ಮಾತುಗಳನ್ನು ಅದೇ ಮನಸ್ಸಿನಿಂದ ಹೇಳಲು ಸಾಧ್ಯವೆ? ಸಾಧ್ಯವಾದರೆ ಅದು ಪ್ರಾರ್ಥನೆ, ಇಲ್ಲವಾದರೆ ಪ್ರಚಾರ. ಬಾಬಿಲೋನಿನ ಸೆರೆಯಾಳುಗಳಿಗೆ ಒಡ್ಡಿದ್ದು ಈ ಪರೀಕ್ಷೆಯನ್ನೇ. ಅರಸನ ಹೆಸರನ್ನು ಬಿಟ್ಟುಕೊಟ್ಟ ನಮ್ಮ ಶಾಂತಿಪಾಠ ಅದನ್ನು ದಿನವೂ ಎದುರಿಸುತ್ತದೆ.